ಮಾಸ್ಟರ್‌ಜಿಯ ಕಂಪ್ಯೂಟರಿನಲ್ಲಿ ಎರಡನೆಯ ಸಿಸ್ಟಮ್

ಮಯೂರ್ ವಿಹಾರದ ನಮ್ಮ ಸೊಸೈಟಿಯ ಮೂರನೆಯ ಮಹಡಿಯಲ್ಲಿ ನಫೀಸಾ ಎಂಬ ಮೈಸೂರಿನ ಹುಡುಗಿ ಇದ್ದಾಳೆ. ನೋಯ್ಡಾದ ಒಂದು ಕಂಪನಿಯಲ್ಲಿ ಸಿಸ್ಟಮ್ ಸಪೋರ್ಟ್ ಕೆಲಸ ಸಿಕ್ಕಿದೆ, ಸೋಮವಾರ ಸೇರಬೇಕು. ಮೊನ್ನೆ ಬೆಳಿಗ್ಗೆ ತನ್ನ ಹಳೆಯ ಲ್ಯಾಪ್‌ಟಾಪನ್ನೂ ಒಂದು ಪೆನ್‌ಡ್ರೈವನ್ನೂ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಅದರಲ್ಲಿರುವ ವಿಂಡೋಸ್‌ಗೆ ಇನ್ನು ಅಪ್‌ಡೇಟ್ ಬರುವುದಿಲ್ಲವಂತೆ, ಹೊಸದನ್ನು ಹೊರುವ ಶಕ್ತಿ ಆ ಲ್ಯಾಪ್‌ಟಾಪಿಗೆ ಇಲ್ಲವಂತೆ. ಹಾಗಾಗಿ ಅದಕ್ಕಿಂತ ಹಗುರವಾದ ಲಿನಕ್ಸ್ ಎಂಬ ಸಿಸ್ಟಮ್ ಹಾಕಬೇಕು. ವಿಂಡೋಸನ್ನು ಪೂರ್ತಿ ತೆಗೆದು ಹಾಕುವುದೋ, ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಬೇಕೆಂದಾಗ ಬೇಕಾದದ್ದನ್ನು ತೆರೆಯುವುದೋ ಎಂಬುದು ಅವಳ ಪ್ರಶ್ನೆ. ಮೂವತ್ತೊಂದು ವರ್ಷ ಇದೇ ಊರಿನಲ್ಲಿ ಇದೇ ಕೆಲಸ ಮಾಡಿ ಕಳೆದ ವರ್ಷ ನಿವೃತ್ತಳಾದವಳು ನಾನು. ಈ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲದಿದ್ದರೆ ಇನ್ಯಾರ ಬಳಿ ಇರಬೇಕು?

ಉತ್ತರ ಹೇಳುವ ಮೊದಲು, ಬ್ಯಾಕಪ್, ಅಂದರೆ ಫೈಲುಗಳದೆಲ್ಲ ಇನ್ನೊಂದು ಪ್ರತಿ, ತೆಗೆದಿದ್ದೀಯಾ ಎಂದು ಕೇಳಿದೆ.

"ಅಕ್ಕಪಕ್ಕ ಇಡೋದಾದ್ರೆ ಬ್ಯಾಕಪ್ ಯಾಕೆ ಆಂಟಿ? ಏನೂ ಅಳಿಸ್ತಾ ಇಲ್ಲವಲ್ಲ," ಎಂದಳು.

ಈ ಮಾತನ್ನು ನಾನು ಮೊದಲು ಕೇಳಿದ್ದು ನನ್ನ ಬಾಯಿಂದಲೇ. ಅದರಿಂದ ಒಬ್ಬರ ನೌಕರಿಗೆ ಸಂಚಕಾರ ಬಂದಿತ್ತು. ಅವಳನ್ನು ಕೂರಿಸಿ, ಕಾಫಿ ಕೊಟ್ಟು, ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಬಂದ ಬಡ್ತಿ, ಹೊದಿಸಿದ ಶಾಲು ಇವುಗಳನ್ನು ಬಿಟ್ಟಿದ್ದೇನೆ. ಈ ಕೆಲಸಕ್ಕೆ ಬರುವ ಯಾರಿಗೂ ಅವುಗಳಿಂದ ಮೂರು ಕಾಸಿನ ಪ್ರಯೋಜನವಿಲ್ಲ.

ನಾನು ಕೆಲಸ ಮಾಡಿದ್ದು ನೆಹರೂ ಪ್ಲೇಸಿನ ಒಂದು ಸಣ್ಣ ಸಂಸ್ಥೆಯಲ್ಲಿ. ಶಾಲೆ, ಕಾರ್ಖಾನೆ, ಆಫೀಸುಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನಮ್ಮ ವ್ಯವಹಾರ. ನಮ್ಮ ಮ್ಯಾನೇಜರು ಶೆಣೈ ಅವರು ಉಡುಪಿ ಕಡೆಯವರು. ನಾವಿಬ್ಬರೇ ಇದ್ದಾಗ ಕನ್ನಡ, ಮೂರನೆಯವರು ಬಂದರೆ ಹಿಂದಿ. ಶೆಣೈ ಅವರದು ಒಂದು ಹಟವಿತ್ತು. ಯಾವ ಕಂಪ್ಯೂಟರಿಗೇ ಆಗಲಿ, ಹೊಸ ಸಿಸ್ಟಮ್ ಹಾಕುವ ಮೊದಲು ಅದನ್ನು ಬಳಸುವವರ ಪಕ್ಕದಲ್ಲಿ ಅರ್ಧ ದಿನ ಕುರ್ಚಿ ಹಾಕಿಕೊಂಡು ಕೂರಬೇಕು. ಅವರು ಏನನ್ನು ತೆರೆಯುತ್ತಾರೆ, ಎಲ್ಲಿ ಉಳಿಸುತ್ತಾರೆ, ಯಾವುದಕ್ಕೆ ಬೈಯುತ್ತಾರೆ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಎಂಜಿನಿಯರಿಂಗ್ ಓದಿ ಬಂದವಳಿಗೆ ಇದೆಂಥ ಕೆಲಸ ಎಂದು ನನಗೆ ಅನ್ನಿಸುತ್ತಿತ್ತು. ಆ ನೋಟ್‌ಬುಕ್ಕಿನಲ್ಲಿ ಎಷ್ಟೋ ದಿನ ನಾನು ಬರೆದದ್ದು 'ಟೀ ಕುಡಿದರು' ಎಂದು ಮಾತ್ರ.

ರೋಹಿಣಿಯ ಒಂದು ಶಾಲೆಯಲ್ಲಿ ಈ ಅಸಡ್ಡೆಗೆ ಮೊದಲ ಪೆಟ್ಟು ಬಿತ್ತು. ಪ್ರಿನ್ಸಿಪಾಲರ ಕಂಪ್ಯೂಟರಿನಲ್ಲಿ ಎರಡೂ ಸಿಸ್ಟಮ್ ಹಾಕಿಕೊಟ್ಟಿದ್ದೆ. ಸ್ವಿಚ್ ಒತ್ತಿದರೆ ಕಪ್ಪು ಪರದೆಯ ಮೇಲೆ ಎರಡು ಹೆಸರು ಬರುತ್ತವೆ, ಹತ್ತು ಸೆಕೆಂಡಿನಲ್ಲಿ ಒಂದನ್ನು ಆರಿಸಬೇಕು, ಆರಿಸದಿದ್ದರೆ ಮೇಲಿನದು ತಾನೇ ತೆರೆದುಕೊಳ್ಳುತ್ತದೆ. ಮೇಲೆ ಲಿನಕ್ಸ್ ಇಟ್ಟಿದ್ದೆ. ಪ್ರಿನ್ಸಿಪಾಲರು ಪ್ರತಿದಿನ ಸ್ವಿಚ್ ಒತ್ತಿ ಪ್ರಾರ್ಥನೆಗೆ ಹೋಗುತ್ತಿದ್ದರು. ವಾಪಸ್ ಬಂದಾಗ ತಮ್ಮ ಕಂಪ್ಯೂಟರು ಬೇರೆ ಯಾರದೋ ಆಗಿರುತ್ತಿತ್ತು. ಹನ್ನೊಂದು ದಿನ ಬೆಳಿಗ್ಗೆ ಎಂಟೂಕಾಲಿಗೆ ನನಗೆ ಫೋನ್ ಬಂತು. ಹನ್ನೆರಡನೆಯ ದಿನ ಹೋಗಿ ಹೆಸರುಗಳನ್ನು ಮೇಲೆ ಕೆಳಗೆ ಮಾಡಿದೆ, ಎರಡು ನಿಮಿಷದ ಕೆಲಸ. ಅರ್ಧ ದಿನ ಅವರ ಪಕ್ಕದಲ್ಲಿ ಕೂತಿದ್ದರೆ ಪ್ರಾರ್ಥನೆಯ ವಿಷಯ ಮೊದಲೇ ತಿಳಿಯುತ್ತಿತ್ತು. ಎರಡನ್ನು ಅಕ್ಕಪಕ್ಕ ಇಡುವುದೆಂದರೆ ದಿನವೂ ಯಾರೋ ಒಬ್ಬರು ಆರಿಸಬೇಕು ಎಂದು ಅರ್ಥ. ಹೆಚ್ಚಿನವರಿಗೆ ಅದು ಬೇಕಾಗಿಲ್ಲ.

ಇದಕ್ಕೆ ವಿರುದ್ಧವಾದದ್ದೂ ನಡೆದಿದೆ. ನೋಯ್ಡಾದ ಒಂದು ವಾಚನಾಲಯದ ಎಲ್ಲ ಕಂಪ್ಯೂಟರುಗಳಿಂದ ಹಳೆಯದನ್ನು ಬೇರುಸಹಿತ ಕಿತ್ತು ಲಿನಕ್ಸ್ ಹಾಕಿದೆ. ಅಲ್ಲಿಗೆ ಬರುವವರು ಇಂಟರ್‌ನೆಟ್ ಬಿಟ್ಟು ಬೇರೇನನ್ನೂ ತೆರೆಯುತ್ತಿರಲಿಲ್ಲ, ಇದನ್ನು ಕೂತು ನೋಡಿ ಬರೆದುಕೊಂಡೇ ಕೈ ಹಾಕಿದ್ದೆ. ಒಂದೇ ಒಂದು ದೂರು ಬಂತು. ನಿವೃತ್ತ ಕರ್ನಲ್ ಒಬ್ಬರು ತಮ್ಮ ಇಸ್ಪೀಟಾಟ ಎಲ್ಲಿ ಹೋಯಿತು ಎಂದು ವಿಚಾರಣೆ ನಡೆಸಿದರು. ಹೊಸದರಲ್ಲೂ ಇಸ್ಪೀಟು ಇದೆಯೆಂದು ತೋರಿಸಿದ ಮೇಲೆ ನನ್ನನ್ನು ಬಿಡುಗಡೆ ಮಾಡಿದರು. ಕೆಲಸವೆಲ್ಲ ಹೊಸದರಲ್ಲೇ ಆಗುವುದಾದರೆ ಹಳೆಯದನ್ನು ಇಟ್ಟುಕೊಂಡು ಪೂಜೆ ಮಾಡಬೇಕಾಗಿಲ್ಲ.

ಈಗ ಓಖ್ಲಾಕ್ಕೆ ಬರುತ್ತೇನೆ.

ಅಲ್ಲಿ ಒಂದು ಗಾರ್ಮೆಂಟ್ ಕಾರ್ಖಾನೆ, ವಿದೇಶಕ್ಕೆ ಕುರ್ತಿ, ಶರ್ಟು ಕಳಿಸುವವರು. ಮಾಲೀಕರು ಖನ್ನಾ ಸಾಹೇಬರು. ಎರಡನೆಯ ಮಹಡಿಯ ಒಂದು ಕೋಣೆಯಲ್ಲಿ ಪ್ಯಾಟರ್ನ್ ಮಾಸ್ಟರು ಕೂರುತ್ತಿದ್ದರು. ಎಲ್ಲರೂ ಅವರನ್ನು ಮಾಸ್ಟರ್‌ಜಿ ಎನ್ನುತ್ತಿದ್ದರು. ಗಯಾ ಕಡೆಯವರು, ಅರವತ್ತರ ಆಸುಪಾಸು. ಒಂದು ಬಟ್ಟೆ ಹುಟ್ಟುವುದು ಹೊಲಿಗೆಯಲ್ಲಲ್ಲ, ಪ್ಯಾಟರ್ನಿನಲ್ಲಿ. ತೋಳು, ಕತ್ತು, ಬೆನ್ನು ಇವುಗಳ ಆಕಾರವನ್ನು ರಟ್ಟಿನ ಮೇಲೆ ಬರೆದು ಕತ್ತರಿಸಿ ಇಡುತ್ತಾರೆ, ಆಮೇಲೆ ಸಾವಿರ ಬಟ್ಟೆ ಕತ್ತರಿಸಿದರೂ ಅದೇ ಅಳತೆ. ಮಾಸ್ಟರ್‌ಜಿಯ ಕೋಣೆಯ ಕೊಕ್ಕೆಗಳಲ್ಲಿ ಇಪ್ಪತ್ತೆಂಟು ವರ್ಷದ ರಟ್ಟುಗಳು ನೇತಾಡುತ್ತಿದ್ದವು.

ಕಾರ್ಖಾನೆ ಕಂಪ್ಯೂಟರಿಗೆ ಬದಲಾದಾಗ ಆ ರಟ್ಟುಗಳನ್ನೆಲ್ಲ ಡಿಜಿಟೈಸರ್ ಎಂಬ ದೊಡ್ಡ ಹಲಗೆಯ ಮೇಲೆ ಇಟ್ಟು, ಅಂಚಿನುದ್ದಕ್ಕೂ ಬಿಂದುಗಳನ್ನು ಒತ್ತಿ, ಒಳಗೆ ಸೇರಿಸಿದರು. ಅರವತ್ತಕ್ಕೆ ಹತ್ತಿರವಾದ ಮನುಷ್ಯ ಮೌಸ್ ಹಿಡಿಯುವುದನ್ನು ಆರು ತಿಂಗಳಲ್ಲಿ ಕಲಿತರು. ಆಗ ಖನ್ನಾ ಸಾಹೇಬರು ನನ್ನನ್ನು ಕೇಳಿದರು: ಎಲ್ಲ ಕಂಪ್ಯೂಟರಿನಲ್ಲಿದೆ ಎಂದಾದರೆ ರಟ್ಟುಗಳನ್ನು ರದ್ದಿಗೆ ಹಾಕಿ ಆ ಕೋಣೆಯಲ್ಲಿ ಇನ್ನೆರಡು ಮೇಜು ಹಾಕಬಹುದಲ್ಲ? ನಾನು ಧಾರಾಳವಾಗಿ ಹಾಕಬಹುದು ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಕೊಟ್ಟೆ. ಬ್ಯಾಕಪ್ ಇದೆಯಾ ಎಂದು ಕೇಳಿದ್ದಕ್ಕೆ ಅಲ್ಲಿಯವರು ಇದೆ ಎಂದಿದ್ದರು. ಅದು ಇದ್ದದ್ದು ಅದೇ ಕಂಪ್ಯೂಟರಿನ ಅದೇ ಡಿಸ್ಕಿನಲ್ಲಿ, ಡಿ ಡ್ರೈವ್ ಎಂಬ ಭಾಗದ ಇನ್ನೊಂದು ಫೋಲ್ಡರಿನಲ್ಲಿ. ನಮ್ಮ ದೇಶದಲ್ಲಿ ಡಿ ಡ್ರೈವಿನ ಮೇಲಿರುವ ನಂಬಿಕೆ ದೇವರ ಮೇಲೂ ಇಲ್ಲ. ನಾನು ತೆರೆದು ನೋಡಲಿಲ್ಲ. ಒಂದು ವಾರದಲ್ಲಿ ಮಾಸ್ಟರ್‌ಜಿಯ ಕೊಕ್ಕೆಗಳು ಖಾಲಿಯಾದವು.

ಕೆಲವು ತಿಂಗಳ ಮೇಲೆ ಇಡೀ ಕಾರ್ಖಾನೆಯನ್ನು ಲಿನಕ್ಸ್‌ಗೆ ಬದಲಿಸುವ ತೀರ್ಮಾನವಾಯಿತು. ಉಳಿದ ಕಂಪ್ಯೂಟರುಗಳಲ್ಲಿ ಪೂರ್ತಿ ಬದಲಿಸಿದೆ, ತೊಂದರೆಯಾಗಲಿಲ್ಲ. ಅವುಗಳಿಗೆಲ್ಲ ಮೊದಲೇ ಬ್ಯಾಕಪ್ ತೆಗೆದಿದ್ದೆ, ಅಳಿಸುವಾಗ ಯಾರಿಗಾದರೂ ಹೆದರಿಕೆ ಇರುತ್ತದೆ. ಮಾಸ್ಟರ್‌ಜಿಯ ಪ್ಯಾಟರ್ನ್ ಸಾಫ್ಟ್‌ವೇರ್ ಮಾತ್ರ ವಿಂಡೋಸಿನಲ್ಲೇ ಓಡುತ್ತಿತ್ತು. ಆದ್ದರಿಂದ ಅವರದ್ದೊಂದರಲ್ಲಿ ಎರಡನ್ನೂ ಅಕ್ಕಪಕ್ಕ ಇಡುವುದೆಂದು ನಿರ್ಧರಿಸಿದೆ. ಅದಕ್ಕೆ ಡಿಸ್ಕಿನಲ್ಲಿ ಜಾಗ ಮಾಡಬೇಕು, ಅಂದರೆ ಹಳೆಯ ಭಾಗವನ್ನು ಒತ್ತರಿಸಿ ಚಿಕ್ಕದು ಮಾಡಬೇಕು. ಈಗ ಅದು ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ, ಆಗ ಮೂರು ನಾಲ್ಕು ಗಂಟೆ ಬೇಕಾಗುತ್ತಿತ್ತು. ಆ ನಡುವೆ ಕರೆಂಟ್ ಹೋಗಬಾರದು, ಹೋದರೆ ಡಿಸ್ಕಿನಲ್ಲಿರುವುದೆಲ್ಲ ಕಲಸಿಹೋಗುತ್ತದೆ. ಯುಪಿಎಸ್ ಇತ್ತು, ಹಾಗಾಗಿ ಧೈರ್ಯವಿತ್ತು.

ಕಾರ್ಖಾನೆಯ ಕೆಲಸಕ್ಕೆ ಅಡ್ಡಿಯಾಗದ ದಿನ ಯಾವುದೆಂದು ಹುಡುಕಿದಾಗ ಸಿಕ್ಕಿದ್ದು ವಿಶ್ವಕರ್ಮ ಪೂಜೆ. ಆ ದಿನ ಓಖ್ಲಾದಲ್ಲಿ ಒಂದು ಮೆಷಿನೂ ಓಡುವುದಿಲ್ಲ. ಎಲ್ಲವನ್ನೂ ಒರೆಸಿ, ತಿಲಕವಿಟ್ಟು, ಕೆಂಪು ದಾರ ಕಟ್ಟುತ್ತಾರೆ. ನನಗೆ ಇದು ಗೊತ್ತಿಲ್ಲದ ವಿಷಯವೇ? ನಮ್ಮಪ್ಪನದು ದಾವಣಗೆರೆಯಲ್ಲಿ ಸೈಕಲ್ ಶಾಪು. ಆಯುಧಪೂಜೆಯ ದಿನ ನಾನು ಸ್ಪ್ಯಾನರ್ ಮುಟ್ಟಿ ಬೈಸಿಕೊಂಡದ್ದು ಎಷ್ಟು ಸಲವೋ. ಆದರೂ ಅವತ್ತು ನನ್ನ ತಲೆಗೆ ಬಂದದ್ದು ಒಂದೇ: ಮೆಷಿನುಗಳಿಗೆ ರಜೆ, ಹಾಗಾಗಿ ನನಗೆ ಅನುಕೂಲ.

ಬೆಳಿಗ್ಗೆ ಹತ್ತಕ್ಕೆ ಕಂಪ್ಯೂಟರಿನ ಮುಂದೆ ಕೂತೆ. ಮಾಸ್ಟರ್‌ಜಿ ಹೊಸ ಕುರ್ತಾ ತೊಟ್ಟು ಬಂದವರು ನನ್ನನ್ನು ನೋಡಿ ನಿಂತರು.

"ಇವತ್ತು ನಾನು ಕತ್ತರೀನೂ ಮುಟ್ಟಲ್ಲ ಬೇಟಿ. ನಾಳೆ ಮಾಡು."

"ಇದು ಕತ್ತರಿ ಅಲ್ಲ ಮಾಸ್ಟರ್‌ಜಿ. ಇದರಲ್ಲಿ ಏನೂ ಅಳಿಸೋದಿಲ್ಲ, ಪಕ್ಕದಲ್ಲಿ ಇನ್ನೊಂದನ್ನ ಇಡ್ತೀನಿ ಅಷ್ಟೆ."

ಅವರು ಅಚ್ಛಾ ಎಂದು ಕೆಳಗೆ ಹೋದರು. ನಾನು ಕೆಲಸ ಶುರುಮಾಡಿದೆ. ಹನ್ನೊಂದೂವರೆಯ ಹೊತ್ತಿಗೆ ಕೆಳಗಿನಿಂದ ಆರತಿಗೆ ಬರಬೇಕೆಂದು ಕರೆ ಬಂತು. ಪರದೆಯ ಮೇಲೆ ನೂರಕ್ಕೆ ನಲವತ್ತು ಮುಗಿದಿದೆ ಎಂದಿತ್ತು. ಪರದೆ ತಾನಾಗಿ ಕಪ್ಪಾಗಿ ಮಲಗುವುದನ್ನು ತಡೆಯದೆ, ಒಂದು ಚೀಟಿಯನ್ನೂ ಅಂಟಿಸದೆ, ಬೂಂದಿ ಲಾಡುವಿನ ಆಸೆಗೆ ಕೆಳಗಿಳಿದೆ.

ಆರತಿ ಮುಗಿದು, ಲಾಡು ತಿಂದು, ಮೇಲೆ ಬಂದೆ. ಮಾನಿಟರಿಗೆ ತಿಲಕವಿತ್ತು. ಮೌಸಿನ ಬಾಲಕ್ಕೆ ಕೆಂಪು ದಾರ, ಕೀಬೋರ್ಡಿನ ಮೇಲೆ ಚೆಂಡುಹೂ. ಮಾಸ್ಟರ್‌ಜಿ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಯುಪಿಎಸ್‌ನ ಹಸಿರು ದೀಪ ಆರಿತ್ತು.

"ಪರದೆ ಕಪ್ಪಾಗಿತ್ತು, ಕೆಲಸ ಮುಗೀತು ಅಂದ್ಕೊಂಡೆ. ಪೂಜೆ ಹೊತ್ತಲ್ಲಿ ಇದಕ್ಕೂ ವಿಶ್ರಾಂತಿ ಬೇಕಲ್ಲ ಬೇಟಿ. ನನ್ನ ಕೈಯಾರೆ ಆಫ್ ಮಾಡ್ದೆ," ಎಂದರು. ಅವರ ಮುಖದಲ್ಲಿದ್ದ ಸಂತೋಷ ನನಗೆ ಇವತ್ತಿಗೂ ನೆನಪಿದೆ.

ಮತ್ತೆ ಸ್ವಿಚ್ ಒತ್ತಿದಾಗ ವಿಂಡೋಸ್ ಬರಲಿಲ್ಲ, ಲಿನಕ್ಸ್ ಇನ್ನೂ ಹುಟ್ಟಿರಲಿಲ್ಲ. ಎರಡನ್ನು ಇಡಲು ಹೋಗಿ ಒಂದೂ ಇಲ್ಲದಂತಾಯಿತು. ಸಂಜೆಯ ತನಕ ನನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಖರ್ಚು ಮಾಡಿ ಕೆಲವು ಫೈಲುಗಳನ್ನು ಹೊರತೆಗೆದೆ. ಅವಕ್ಕೆ ಹೆಸರಿರಲಿಲ್ಲ, ತೆರೆದರೆ ತೋಳು ಇದ್ದಲ್ಲಿ ಬೆನ್ನಿರಲಿಲ್ಲ. ಡಿ ಡ್ರೈವಿನ ಬ್ಯಾಕಪ್ಪೂ ಅದರ ಜೊತೆಗೇ ಹೋಗಿತ್ತು. ವಾರದ ಕೊನೆಗೆ ವಿದೇಶದ ಖರೀದಿದಾರರಿಗೆ ಸ್ಯಾಂಪಲ್ ಬಟ್ಟೆಗಳು ಹೋಗಬೇಕಿತ್ತು, ಅದಕ್ಕೆ ಉಳಿದದ್ದು ಐದು ದಿನ. ಇನ್ನೂ ಒಂದು ವಿಷಯ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲ ಕಂಪ್ಯೂಟರಿನಲ್ಲಿದೆ ಎಂದ ಮೇಲೆ ಮುದುಕರು ಯಾಕೆ, ಕೋರ್ಸು ಮಾಡಿದ ಹೊಸಬರು ಸಾಕು ಎಂದು ಖನ್ನಾ ಸಾಹೇಬರು ಎರಡು ಸಲ ಹೇಳಿದ್ದರು. ಸ್ವಿಚ್ ಆಫ್ ಮಾಡಿದ್ದು ಮಾಸ್ಟರ್‌ಜಿ ಎಂದು ತಿಳಿದರೆ ಮೂರನೆಯ ಸಲ ಹೇಳಬೇಕಾಗಿಯೇ ಇರಲಿಲ್ಲ.

ಶೆಣೈ ಅವರಿಗೆ ಫೋನ್ ಮಾಡಿದೆ. ನನ್ನ ಮೊದಲ ವಾಕ್ಯವೇ ಮಾಸ್ಟರ್‌ಜಿ ಆಫ್ ಮಾಡಿಬಿಟ್ಟರು ಎಂಬುದು. ಇದನ್ನು ಮುಚ್ಚಿಟ್ಟು ಬರೆಯಬಹುದಿತ್ತು, ಆದರೆ ಕಿರಿಯರಿಗೆ ಬರೆಯುತ್ತಿದ್ದೇನೆ, ಮುಚ್ಚಿಡುವುದಿಲ್ಲ.

"ಕಂಪ್ಯೂಟರ್ ಬಿಟ್ಟು ಕೆಳಗೆ ಹೋದದ್ದು ಯಾರು ಮಾರಾಯ್ತಿ?" ಎಂದರು ಶೆಣೈ. "ಒಂದು ಚೀಟಿ ಅಂಟಿಸಿದ್ದೀರಾ? ಬ್ಯಾಕಪ್ ತೆರೆದು ನೋಡಿದ್ದೀರಾ? ರಿಪೋರ್ಟಿನಲ್ಲಿ ಅವರ ಹೆಸರು ಬರೆಯುವುದಾದ್ರೆ ಅದನ್ನು ನನ್ನ ಮೇಜಿಗೆ ತರಬೇಡಿ."

ಅರ್ಧ ದಿನ ಕೂತಿದ್ದರೆ, ಪ್ರತಿ ವರ್ಷ ಪೂಜೆಗೆ ಮಾಸ್ಟರ್‌ಜಿ ತಮ್ಮ ಮೇಜಿನ ಮೇಲಿರುವುದನ್ನೆಲ್ಲ ತಮ್ಮ ಕೈಯಿಂದಲೇ ಆಫ್ ಮಾಡುತ್ತಾರೆಂದು ಯಾರಾದರೂ ಹೇಳುತ್ತಿದ್ದರು. ಫೋನ್ ಇಟ್ಟು ಮಾಸ್ಟರ್‌ಜಿಯ ಎದುರು ಕೂತು, ಆದದ್ದನ್ನು ಹೇಳಿ, ತಪ್ಪು ನನ್ನದು ಎಂದೆ. ಅವರು ಖಾಲಿ ಕೊಕ್ಕೆಗಳತ್ತ ನೋಡಿದರು. ಆಮೇಲೆ ಬಾಗಿಲು ಹಾಕಿ ಬಂದು, ಮೆಲ್ಲಗೆ ಹೇಳಿದರು.

"ನಾನು ಎಸೆದಿಲ್ಲ. ಮನೇಲಿದೆ, ಎಲ್ಲಾ."

ಮರುದಿನ ಬೆಳಿಗ್ಗೆ ಅವರ ಜೊತೆ ಗೋವಿಂದಪುರಿಯ ಅವರ ಮನೆಗೆ ಹೋದೆ. ಒಂದೇ ಕೋಣೆ. ಗೋಡೆ ಯಾವ ಬಣ್ಣದ್ದೆಂದು ಕಾಣದಷ್ಟು ರಟ್ಟುಗಳು ನೇತಾಡುತ್ತಿದ್ದವು, ಮಂಚದ ಮೇಲೆ ಒಂದು ಸಾಲು ತಲೆಗೆ ತಾಗುತ್ತಿತ್ತು. ಅವರ ಹೆಂಡತಿ ನನಗೆ ಚಹಾ ಕೊಡುತ್ತಾ, ರಾತ್ರಿ ತಿರುಗಿ ಮಲಗಿದರೆ ಯಾರದೋ ತೋಳು ಮೈಮೇಲೆ ಬೀಳುತ್ತದೆ ಎಂದು ನಕ್ಕರು. ರದ್ದಿಗೆ ಹಾಕಿ ಎಂದ ಸಾಮಾನನ್ನು ಮನೆಗೆ ಒಯ್ಯುವುದು ಕಾರ್ಖಾನೆಯಲ್ಲಿ ಸಣ್ಣ ತಪ್ಪಲ್ಲ. ಪ್ಯಾಟರ್ನ್ ಹೊರಗೆ ಹೋಯಿತೆಂದರೆ ಕಳ್ಳತನವೆಂದೇ ಲೆಕ್ಕ. ಅವುಗಳನ್ನು ವಾಪಸ್ ತಂದ ಕ್ಷಣ ಆ ತಪ್ಪೂ ಹೊರಬೀಳುತ್ತಿತ್ತು. ಇದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಒಂದೊಂದಾಗಿ ಇಳಿಸಿ ಕಟ್ಟು ಕಟ್ಟಿದರು.

ಯಾಕೆ ಇಟ್ಟುಕೊಂಡಿರಿ ಎಂದು ಕೇಳಿದೆ.

"ಬಟ್ಟೆ ಹೊಲಿಯುವಾಗ ಒಳಗೆ ಒಂದಿಷ್ಟು ಬಟ್ಟೆ ಬಿಡ್ತೀವಲ್ಲ, ಬೇಟಿ. ನಾಳೆ ಬಿಚ್ಚಿ ದೊಡ್ಡದು ಮಾಡಬೇಕಾದ್ರೆ ಬೇಕು ಅಂತ. ಅದು ಹೊರಗಿನಿಂದ ಕಾಣಲ್ಲ," ಎಂದರು.

ಎರಡು ಆಟೋದಲ್ಲಿ ಕಟ್ಟುಗಳು ಬಂದವು. ಗೇಟಿನಲ್ಲೇ ಖನ್ನಾ ಸಾಹೇಬರಿಗೆ ಸುದ್ದಿ ಮುಟ್ಟಿತು. ಅವರ ಕೋಣೆಯಲ್ಲಿ ನಾವು ಮೂವರು ನಿಂತೆವು: ಮಾಸ್ಟರ್‌ಜಿ, ನಾನು, ನೆಹರೂ ಪ್ಲೇಸಿನಿಂದ ಓಡಿಬಂದ ಶೆಣೈ. ಡಿಸ್ಕ್ ಹಾಳಾದದ್ದು ಪೂರ್ತಿ ನನ್ನ ತಪ್ಪಿನಿಂದ, ಬ್ಯಾಕಪ್ ನೋಡದೆ ಶುರುಮಾಡಿ ನಡುವೆ ಎದ್ದುಹೋದೆ ಎಂದು ಹೇಳಿದೆ. ಖನ್ನಾ ಸಾಹೇಬರು ಬೈದರು, ಬೈಯಬೇಕಾದದ್ದೇ. ಆಮೇಲೆ ಮಾಸ್ಟರ್‌ಜಿ ಕಡೆ ತಿರುಗಿ, ಈ ರಟ್ಟುಗಳು ಎಲ್ಲಿಂದ ಬಂದವು ಎಂದರು. ಉತ್ತರ ಕೊಟ್ಟದ್ದು ನಾನು.

"ನಾನೇ ಇಟ್ಟುಕೊಂಡಿರಲು ಹೇಳಿದ್ದೆ," ಎಂದೆ. "ನಮ್ಮ ಕೆಲಸದ ನಿಯಮ ಅದು. ಹೊಸದು ಒಂದು ಸೀಸನ್ ಸರಿಯಾಗಿ ನಡೆಯುವ ತನಕ ಹಳೆಯದನ್ನು ಎಸೆಯೋ ಹಾಗಿಲ್ಲ."

ರಟ್ಟುಗಳನ್ನು ಎಸೆಯಬಹುದು ಎಂದು ನಾನೇ ಸಹಿ ಮಾಡಿದ ಹಾಳೆ ಖನ್ನಾ ಸಾಹೇಬರ ಡ್ರಾಯರಿನಲ್ಲಿತ್ತು. ಅದನ್ನು ತೆಗೆಯಲು ಅವರಿಗೆ ಒಂದು ನಿಮಿಷವೂ ಬೇಕಿರಲಿಲ್ಲ. ಅವರು ಶೆಣೈ ಮುಖ ನೋಡಿದರು. ಶೆಣೈ ಅವರು ನನ್ನ ಕಡೆ ತಿರುಗಿಯೂ ನೋಡದೆ, ಹೌದು, ನಮ್ಮಲ್ಲಿ ಹಾಗೇ ನಿಯಮ ಎಂದರು. ಖನ್ನಾ ಸಾಹೇಬರು, ಸರಿ, ನಡೀರಿ, ಸ್ಯಾಂಪಲ್ ಮಾತ್ರ ಹೊತ್ತಿಗೆ ಸರಿಯಾಗಿ ಹೋಗಬೇಕು ಎಂದಷ್ಟೇ ಹೇಳಿದರು. ಡ್ರಾಯರ್ ತೆರೆಯಲಿಲ್ಲ. ನಂಬಿ ಬಿಟ್ಟರೋ, ತಿಳಿದೂ ಬಿಟ್ಟರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮುಂದಿನ ದಿನಗಳಲ್ಲಿ ಮಾಸ್ಟರ್‌ಜಿ ರಟ್ಟು ಇಡುವುದು, ನಾನು ಬಿಂದು ಒತ್ತುವುದು. ಹೊಸ ಡಿಸ್ಕಿನಲ್ಲಿ ಎರಡೂ ಸಿಸ್ಟಮ್ ಹಾಕಿದ್ದೆ. ಪ್ರತಿ ಸಂಜೆ ಒಂದು ಪ್ರತಿ ಬೇರೆ ಕಂಪ್ಯೂಟರಿಗೆ ಹೋಗುತ್ತಿತ್ತು, ಅದನ್ನು ನಾನೇ ತೆರೆದು ನೋಡುತ್ತಿದ್ದೆ. ತೋಳಿನ ಬಾಗು ಎಲ್ಲಿ ಅರ್ಧ ನೂಲಿನಷ್ಟು ಏರಬೇಕು, ಅದನ್ನು ಏರಿಸದಿದ್ದರೆ ಕೈ ಎತ್ತಿದಾಗ ಏನಾಗುತ್ತದೆ ಎಂದು ಅವರು ಹೇಳುತ್ತಾ ಹೋದರು. ಇಷ್ಟು ದಿನ ಅವರ ಪಕ್ಕದಲ್ಲಿ ಅರ್ಧ ದಿನವೂ ಕೂರದೇ ಇದ್ದದ್ದಕ್ಕೆ ನನಗೆ ನಾಚಿಕೆಯಾಯಿತು. ಸ್ಯಾಂಪಲ್ ಹೊತ್ತಿಗೆ ಸರಿಯಾಗಿ ಹೋಯಿತು. ರಟ್ಟುಗಳು ಕೊಕ್ಕೆಗೆ ಮರಳಿದವು. ಕೋರ್ಸು ಮಾಡಿದ ಹೊಸಬರು ಬಂದರು, ಮಾಸ್ಟರ್‌ಜಿಯ ಜಾಗಕ್ಕಲ್ಲ, ಅವರ ಪಕ್ಕದ ಕುರ್ಚಿಗೆ. ಮಾಸ್ಟರ್‌ಜಿ ಇನ್ನೂ ಏಳು ವರ್ಷ ಅಲ್ಲೇ ಕೆಲಸ ಮಾಡಿ, ತಾವೇ ಸಾಕೆನ್ನಿಸಿದ ದಿನ ಬಿಟ್ಟರು.

ಖನ್ನಾ ಸಾಹೇಬರ ಎದುರು ನಿಂತಿದ್ದ ದಿನ ಶೆಣೈ ಅವರೂ ನಾನೂ ಒಂದೇ ಆಟೋದಲ್ಲಿ ವಾಪಸ್ ಹೋದೆವು. ದಾರಿಯಲ್ಲಿ ಅವರು ಹೇಳಿದ್ದು ಇಷ್ಟೇ: "ಸರೋಜಾ, ಸುಳ್ಳು ಹೇಳಿದ್ದೀರಿ, ನನ್ನ ಬಾಯಿಂದಲೂ ಹೇಳಿಸಿದ್ದೀರಿ. ಇನ್ನು ಅದನ್ನು ನಿಜ ಮಾಡುವುದು ನಿಮ್ಮ ಜವಾಬ್ದಾರಿ."

ಮಾಡಿದೆ. ಆಮೇಲಿನ ಹದಿನೇಳು ವರ್ಷ ನಮ್ಮ ಸಂಸ್ಥೆಯಲ್ಲಿ ಅದೇ ನಿಯಮ, ಬರೆದು ಗೋಡೆಗೆ ಹಾಕಿದ್ದೆ. ಸಿಡಿ ಹೋಗಿ ಪೆನ್‌ಡ್ರೈವ್ ಬಂತು, ಡಿಸ್ಕುಗಳು ಹೆಬ್ಬೆರಳಿನಷ್ಟಾದವು. ಈಗಿನವರು ಒಂದು ಸಿಸ್ಟಮಿನ ಹೊಟ್ಟೆಯಲ್ಲೇ ಇನ್ನೊಂದನ್ನು ಓಡಿಸುತ್ತಾರೆ. ವಿಧಾನ ಬದಲಾದರೂ ಕೇಳಬೇಕಾದ ಪ್ರಶ್ನೆ ಬದಲಾಗಿಲ್ಲ. ಯಾವ ಸಿಸ್ಟಮ್ ಒಳ್ಳೆಯದು ಎಂದು ಕೇಳುವುದರಲ್ಲಿ ಅರ್ಥವಿಲ್ಲ, ಇದರ ಮುಂದೆ ಕೂರುವವರು ನಾಳೆ ಬೆಳಿಗ್ಗೆ ಏನು ಮಾಡುತ್ತಾರೆ ಎಂದು ಕೇಳಬೇಕು. ಒಂದೇ ಒಂದು ಕೆಲಸ ಹಳೆಯದರಲ್ಲಿ ಮಾತ್ರ ಆಗುವಂಥದ್ದಿದ್ದರೆ ಎರಡನ್ನೂ ಇಡಿ, ಇಲ್ಲದಿದ್ದರೆ ಧೈರ್ಯವಾಗಿ ಬದಲಿಸಿ. ಎರಡರಲ್ಲಿ ಯಾವುದನ್ನು ಮಾಡುವುದಾದರೂ ಮೊದಲು ಪ್ರತಿ ತೆಗೆದು ಬೇರೆ ಪೆಟ್ಟಿಗೆಯಲ್ಲಿ ಇಡಿ, ಇಟ್ಟದ್ದನ್ನು ತೆರೆದು ನೋಡಿ. ಪಕ್ಕದಲ್ಲಿಡುವವರೇ ಹೆಚ್ಚು ಕಳೆದುಕೊಳ್ಳುತ್ತಾರೆ, ಅವರಿಗೆ ಹೆದರಿಕೆ ಇರುವುದಿಲ್ಲ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ನಫೀಸಾಳ ಕಾಫಿ ಆರಿಹೋಗಿತ್ತು. ಪೆನ್‌ಡ್ರೈವ್ ಅದಾಗಲೇ ಲ್ಯಾಪ್‌ಟಾಪಿಗೆ ಚುಚ್ಚಿಕೊಂಡಿತ್ತು. ಅವಳಿಗೆ ಆತುರ, ನನಗೂ ಕೈ ಕಡಿಯುತ್ತಿತ್ತು. ಸರಿ, ಮೊದಲು ಪ್ರತಿ ತೆಗೆಯೋಣ, ಮಧ್ಯಾಹ್ನದೊಳಗೆ ಮುಗಿಸಿಬಿಡೋಣ ಎಂದು ಕನ್ನಡಕ ಹಾಕಿಕೊಂಡೆ. ಆಗ ನನ್ನ ಫೋನ್ ಹೊಡೆದುಕೊಂಡಿತು. ಗಯಾದಿಂದ ಮಾಸ್ಟರ್‌ಜಿ, ನಫೀಸಾಳಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. ಊರಿಗೆ ಹೋದ ಮೇಲೂ ವರ್ಷಕ್ಕೆ ಒಮ್ಮೆ, ಇದೇ ದಿನ, ತಪ್ಪದೆ ಮಾಡುತ್ತಾರೆ. ನಿವೃತ್ತಿಯಾದ ಮೇಲೆ ತಾರೀಖುಗಳ ಲೆಕ್ಕ ನನಗೇ ತಪ್ಪಿಹೋಗಿತ್ತು.

"ಬೇಟಿ, ಇವತ್ತು ವಿಶ್ವಕರ್ಮ ಪೂಜೆ. ಏನನ್ನೂ ಮುಟ್ಟಿಲ್ಲ ತಾನೇ?"

ನಾನು ನಫೀಸಾಳ ಮುಖ ನೋಡಿದೆ. ಅವಳು ಪೆನ್‌ಡ್ರೈವ್ ಕಿತ್ತು ಮೇಜಿನ ಮೇಲಿಟ್ಟಳು.

"ಇಲ್ಲ ಮಾಸ್ಟರ್‌ಜಿ," ಎಂದೆ. "ನಾಳೆ ಮಾಡ್ತೀವಿ."